ತಿದ್ದುವ ಕೈ: ಎಡೆದೊರೆ ನಾಡಿನಲ್ಲಿ ಬರೆದದ್ದನ್ನು ತಿದ್ದಿಕೊಂಡ ಬಗೆ

ಕನ್ನಡದಲ್ಲಿ ‘ತಿದ್ದು’ ಎಂಬ ಒಂದೇ ಮಾತು ಎರಡು ಕೆಲಸ ಮಾಡುತ್ತದೆ. ಗುರುಗಳು ಬರೆದುಕೊಟ್ಟ ‘ಅ’ದ ಮೇಲೆ ಮಗು ಬಳಪ ಆಡಿಸಿದರೆ ಅದು ಅಕ್ಷರ ತಿದ್ದುವುದು. ಅದೇ ಮಗು ಹತ್ತನೇ ತರಗತಿಗೆ ಬಂದು, ತಾನು ಬರೆದ ಪ್ರಬಂಧವನ್ನು ಇನ್ನೊಮ್ಮೆ ಓದಿ ‘ಬಾರತ’ವನ್ನು ‘ಭಾರತ’ ಮಾಡಿದರೆ ಅದೂ ತಿದ್ದುವುದೇ. ಕಲಿಯುವುದಕ್ಕೊಂದು, ತಪ್ಪು ಸರಿಪಡಿಸುವುದಕ್ಕೊಂದು ಎಂದು ಭಾಷೆ ಬೇರೆ ಮಾತು ಹುಡುಕಲಿಲ್ಲ. ಕೃಷ್ಣಾ ಮತ್ತು ತುಂಗಭದ್ರೆಯ ನಡುವಿನ ರಾಯಚೂರು ಸೀಮೆಗೆ ಶಾಸನಗಳು ಎಡೆದೊರೆ ನಾಡು ಎನ್ನುತ್ತವೆ. ಆ ನಾಡಿನ ಮಸ್ಕಿ, ಲಿಂಗಸುಗೂರು, ಸಿಂಧನೂರುಗಳಲ್ಲಿ ಈ ತಿದ್ದುವ ಕೆಲಸಕ್ಕೆ ಎರಡು ಸಾವಿರ ವರ್ಷ ಮೀರಿದ ಚರಿತ್ರೆ ಇದೆ. ಕಲ್ಲು, ಗರಿ, ಮರಳು, ಕಡತ, ಪಾಟಿ, ಕಾಗದ ಹೀಗೆ ಬರೆಯುವ ಹಾಳೆ ಬದಲಾದ ಹಾಗೆಲ್ಲ ತಿದ್ದುವ ಕ್ರಮವೂ ಬದಲಾಗಿದೆ. ಬದಲಾಗದೆ ಉಳಿದದ್ದು ಒಂದೇ ತೊಡಕು: ಬರೆದವನ ಕಣ್ಣಿಗೆ ಅವನ ತಪ್ಪು ಕಾಣುವುದಿಲ್ಲ.

ಈ ಸೀಮೆಯ ಅತಿ ಹಳೆಯ ಬರಹ ಮಸ್ಕಿಯ ಗುಡ್ಡದ ಬಂಡೆಯ ಮೇಲಿದೆ. ಹಟ್ಟಿಯ ಚಿನ್ನದ ಗಣಿಗಳು ಇಲ್ಲಿಂದ ದೂರವಿಲ್ಲ, ಸುತ್ತಲಿನ ನೆಲದಲ್ಲೆಲ್ಲ ಹಿಂದಿನವರು ಚಿನ್ನಕ್ಕಾಗಿ ಅಗೆದ ಗುರುತುಗಳಿವೆ. 1915ರಲ್ಲಿ ನಿಜಾಮ್ ಸಂಸ್ಥಾನದ ಗಣಿ ಎಂಜಿನಿಯರ್ ಸಿ. ಬೀಡನ್ ಅವರ ಕಣ್ಣಿಗೆ ಈ ಬಂಡೆಯ ಬ್ರಾಹ್ಮೀ ಅಕ್ಷರಗಳು ಬಿದ್ದವು. ಶಾಸನತಜ್ಞ ಎಚ್. ಕೃಷ್ಣಶಾಸ್ತ್ರಿಗಳು ಅದನ್ನು ಓದಿ ಅದೇ ವರ್ಷ ಹೈದರಾಬಾದ್ ಪುರಾತತ್ವ ಮಾಲೆಯ ಮೊದಲ ಪುಸ್ತಕವಾಗಿ ಪ್ರಕಟಿಸಿದರು. ಜೇಮ್ಸ್ ಪ್ರಿನ್ಸೆಪ್ 1837ರಲ್ಲಿ ಬ್ರಾಹ್ಮಿಯನ್ನು ಬಿಡಿಸಿದಂದಿನಿಂದ ಬಂಡೆಗಳ ಮೇಲಿನ ‘ದೇವಾನಾಂಪ್ರಿಯ ಪ್ರಿಯದರ್ಶಿ’ ಅಶೋಕನೇ ಎಂದು ಸಿಂಹಳದ ಗ್ರಂಥಗಳ ಆಧಾರದಿಂದ ವಿದ್ವಾಂಸರು ಹೇಳುತ್ತ ಬಂದಿದ್ದರು. ಆದರೆ ಅಶೋಕ ಎಂಬ ಹೆಸರು ಆ ಅರಸನ ಶಾಸನಗಳಲ್ಲಿ ಎಲ್ಲಿಯೂ ಸಿಕ್ಕಿರಲಿಲ್ಲ. ಅದು ಮೊದಲು ಸಿಕ್ಕಿದ್ದು ಮಸ್ಕಿಯಲ್ಲಿ. ಹೆಸರೊಂದನ್ನು ಪೂರ್ತಿಯಾಗಿ ಬರೆದ ಒಬ್ಬ ಲಿಪಿಕಾರನಿಂದ ಚರಿತ್ರೆಯ ಒಂದು ಊಹೆ ನಿಶ್ಚಯವಾಯಿತು. ಒಂದು ಪದ ಬಿಟ್ಟರೆ ಏನು, ಸೇರಿಸಿದರೆ ಏನು ಎಂದು ಕೇಳುವವರಿಗೆ ಇದಕ್ಕಿಂತ ದೊಡ್ಡ ಉದಾಹರಣೆ ಬೇಕಿಲ್ಲ.

ಅಶೋಕನ ಈ ಕಿರು ಶಾಸನದ ಪ್ರತಿಗಳು ಹಲವು ಕಡೆ ಇವೆ: ಕೊಪ್ಪಳದ ಗವಿಮಠ, ಪಾಲ್ಕಿಗುಂಡು, ಬಳ್ಳಾರಿ ಜಿಲ್ಲೆಯ ನಿಟ್ಟೂರು, ಉಡೆಗೋಳ, ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ. ಒಂದೇ ಸಂದೇಶ, ಆದರೆ ಪ್ರತಿಯಿಂದ ಪ್ರತಿಗೆ ಅಕ್ಷರ, ಪದ, ಕೆಲವೆಡೆ ಸಾಲು ಸಹ ಬೇರೆ. ಬರೆದುಕೊಂಡು ಬಂದವನು, ಓದಿ ಹೇಳಿದವನು, ಕೆತ್ತಿದವನು ಬೇರೆ ಬೇರೆಯವರಾದಾಗ ಹೀಗಾಗುತ್ತದೆ. ಬ್ರಹ್ಮಗಿರಿಯ ಪ್ರತಿಯಂತೂ ತಿದ್ದದೆ ಬಿಟ್ಟ ಬರಹದ ಪಾಠವೇ ಸರಿ. ಸುವರ್ಣಗಿರಿಯ ಅಧಿಕಾರಿಗಳು ಇಸಿಲದ ಮಹಾಮಾತ್ರರಿಗೆ ಆರೋಗ್ಯ ವಿಚಾರಿಸಿ ಬರೆದ ಒಕ್ಕಣೆಯ ಸಾಲು ಅಲ್ಲಿ ಶಾಸನದ ಮೊದಲಿಗೇ ಕೆತ್ತಿಬಿಟ್ಟಿದೆ. ಅದು ಅಧಿಕಾರಿಗಳ ನಡುವಿನ ಪತ್ರದ ಮಾತು, ಜನರಿಗಾಗಿ ಬಂಡೆಗೆ ಹತ್ತಬೇಕಾದ ಮಾತಲ್ಲ. ಕೈಗೆ ಬಂದ ಓಲೆಯನ್ನು ಮೊದಲಿಂದ ಕೊನೆಯವರೆಗೆ ಹಾಗೆಯೇ ಇಳಿಸಿಕೊಂಡದ್ದರಿಂದ ಒಕ್ಕಣೆಯೂ ಶಾಸನದೊಳಗೆ ಸೇರಿತು ಎಂದು ವಿದ್ವಾಂಸರು ಗುರುತಿಸುತ್ತಾರೆ. ಅಲ್ಲಿ ಲಿಪಿಕಾರನ ಹೆಸರೂ ಇದೆ, ಚಪಡ. ‘ಲಿಪಿಕಾರ’ ಎಂಬ ಮಾತನ್ನು ಮಾತ್ರ ಆತ ವಾಯವ್ಯ ಭಾರತದ ಖರೋಷ್ಠಿ ಲಿಪಿಯಲ್ಲಿ ಬರೆದ. ಕಲಿತ ಲಿಪಿಯ ಹೆಮ್ಮೆ ಅದರಲ್ಲಿ ಕಾಣುತ್ತದೆ. ಆದರೆ ಮೇಲಿನ ಸಾಲು ಬೇಡವಾಗಿತ್ತು ಎಂಬುದು ಅದೇ ಕಣ್ಣಿಗೆ ಬೀಳಲಿಲ್ಲ.

ಬರೆಯಿಸಿದ ಅರಸನಿಗೆ ಈ ತೊಂದರೆ ಗೊತ್ತಿತ್ತು. ಅಶೋಕನ ಹದಿನಾಲ್ಕನೆಯ ಬಂಡೆ ಶಾಸನ ಅದನ್ನೇ ಹೇಳುತ್ತದೆ: ಬರಹ ಕೆಲವೆಡೆ ಚಿಕ್ಕದು, ಕೆಲವೆಡೆ ದೊಡ್ಡದು, ಹೇಳಿದ್ದನ್ನೇ ಮತ್ತೆ ಹೇಳಿದ್ದೂ ಉಂಟು, ಅರೆಬರೆ ಉಳಿದದ್ದೂ ಉಂಟು, ಲಿಪಿಕಾರನ ತಪ್ಪೂ ಅದಕ್ಕೊಂದು ಕಾರಣ. ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ ಚಂದ್ರಲಾಂಬಾ ದೇವಾಲಯದ ಆವರಣದಲ್ಲಿ ಸಿಕ್ಕ ಚಪ್ಪಡಿಯಲ್ಲೂ ಈ ಶಾಸನ ಇದೆ. ತನ್ನ ಬರಹದಲ್ಲಿ ಕುಂದು ಇರಬಹುದು ಎಂದು ಬರಹದೊಳಗೇ ಒಪ್ಪಿಕೊಂಡ ಈ ಮಾತು, ಸ್ವಂತ ಬರಹದ ಮೌಲ್ಯಮಾಪನಕ್ಕೆ ಈ ನಾಡಿನ ನೆರೆಯಲ್ಲಿ ಸಿಗುವ ಮೊದಲ ಸಾಕ್ಷಿ.

ಕಲ್ಲಿನಲ್ಲಿ ಅಳಿಸುವಂತಿಲ್ಲ. ಚಾಣ ತಾಗಿದ ಮೇಲೆ ತಾಗಿತು. ಮುಂದಿನ ಶತಮಾನಗಳ ಕನ್ನಡ ಶಾಸನಗಳಲ್ಲಿ ಕಂಡರಣೆಗಾರರು, ಅಂದರೆ ಕಲ್ಲು ಕೆತ್ತುವವರು, ಇದಕ್ಕೆ ತಮ್ಮದೇ ಉಪಾಯ ಮಾಡಿಕೊಂಡರು. ಬಿಟ್ಟುಹೋದ ಅಕ್ಷರವನ್ನು ಸಾಲಿನ ಕೆಳಗೋ ಎರಡು ಸಾಲಿನ ನಡುವೆಯೋ ಚಿಕ್ಕದಾಗಿ ಕೆತ್ತಿದರು. ತಪ್ಪು ಅಕ್ಷರದ ಮೇಲೆಯೇ ಸರಿ ಅಕ್ಷರವನ್ನು ಆಳವಾಗಿ ಕೊರೆದರು. ಊರ ಹೆಸರಿಗೇ ಒಂದು ಕಟ್ಟಳೆ ಇರಲಿಲ್ಲ. ಇಂದಿನ ಮಸ್ಕಿ ಶಾಸನಗಳಲ್ಲಿ ಮೊಸಂಗಿ, ಚೋಳರ ಬರಹಗಳಲ್ಲಿ ಮುಸಂಗಿ. ರಾಜೇಂದ್ರ ಚೋಳನಿಗೂ ಚಾಲುಕ್ಯ ಜಯಸಿಂಹನಿಗೂ ಯುದ್ಧವಾದ ಮುಸಂಗಿ ಇದೇ ಎಂದು ಗುರುತಿಸಿದ್ದಾರೆ. ಇವತ್ತಿಗೂ ಈ ಸೀಮೆಯ ಅಂಗಡಿ ಫಲಕಗಳಲ್ಲಿ ಸಿಂಧನೂರು ಇದೆ, ಸಿಂದನೂರೂ ಇದೆ. ಲಿಂಗಸುಗೂರು ಇದೆ, ಲಿಂಗಸೂಗೂರೂ ಇದೆ. ತನ್ನ ಊರ ಹೆಸರನ್ನು ಯಾವ ‘ದ’ದಲ್ಲಿ ಬರೆಯಬೇಕೆಂದು ನಿಂತು ಯೋಚಿಸುವ ಸಿಂಧನೂರಿನ ಹುಡುಗ ಬಲು ಹಳೆಯದೊಂದು ಯೋಚನೆಯನ್ನೇ ಮುಂದುವರಿಸುತ್ತಿದ್ದಾನೆ.

ಬರೆದವನಿಗೆ ತನ್ನ ತಪ್ಪು ಯಾಕೆ ಕಾಣದು ಎಂಬುದನ್ನು ಕನ್ನಡದಲ್ಲಿ ಮೊದಲು ಹೇಳಿದ್ದು ಕವಿರಾಜಮಾರ್ಗ. ರಾಷ್ಟ್ರಕೂಟ ನೃಪತುಂಗನ ಆಸ್ಥಾನದಲ್ಲಿ, 850ರ ಸುಮಾರಿಗೆ ಹುಟ್ಟಿದ ಆ ಗ್ರಂಥ ತಿರುಳ್ಗನ್ನಡದ ಸೀಮೆಯನ್ನು ಗುರುತಿಸುವಾಗ ಕೊಪಣವನ್ನು, ಅಂದರೆ ಸಿಂಧನೂರಿನ ಪಡುವಣಕ್ಕಿರುವ ಇಂದಿನ ಕೊಪ್ಪಳವನ್ನು, ಹೆಸರಿಸುತ್ತದೆ. ಗ್ರಂಥದ ಮೊದಲ ಭಾಗದ ಬಹುಪಾಲು ದೋಷಗಳ ಚರ್ಚೆಯೇ. ಅಲ್ಲಿ ಬರುವ ಹೋಲಿಕೆ ಇವತ್ತಿನ ತರಗತಿಗೂ ನೇರವಾಗಿ ತಾಗುತ್ತದೆ. ಕಣ್ಣು ತನಗೆ ಹಚ್ಚಿದ ಕಾಡಿಗೆಯನ್ನು ತಾನೇ ನೋಡಲಾರದು. ಬರೆದವನು ತನ್ನ ದೋಷವನ್ನು ಕಾಣಲಾರದೆ ಇರುವುದೂ ಹಾಗೆಯೇ. ಆದ್ದರಿಂದ ಬರೆದದ್ದನ್ನು ಬಲ್ಲವರಿಗೆ ತೋರಿಸಿ ತಿದ್ದಿಕೊಳ್ಳಬೇಕು ಎಂಬುದು ಅದರ ಇಂಗಿತ. ಕಾಡಿಗೆಯ ಮಾತು ಎಷ್ಟು ನಿಖರ ಎಂದರೆ, ಕಾಡಿಗೆ ಕಣ್ಣಿಗೆ ದೂರವಿರುವುದರಿಂದ ಕಾಣದೆ ಹೋಗುವುದಲ್ಲ, ತೀರ ಹತ್ತಿರವಿರುವುದರಿಂದ ಕಾಣದು. ಆಮೇಲಿನ ಕಾಲದ ತಿದ್ದುಪಡಿಯ ಕ್ರಮಗಳೆಲ್ಲ ಆ ಹತ್ತಿರವನ್ನು ದೂರ ಮಾಡುವ ಪ್ರಯತ್ನಗಳೇ.

ತಾಳೆಗರಿಯ ಕಾಲದಲ್ಲಿ ಆ ಪ್ರಯತ್ನಕ್ಕೊಂದು ಗುರುತು ಬಂತು. ಗರಿಯ ಮೇಲೆ ಕಂಠ ಎಂಬ ಮೊನಚು ಕಡ್ಡಿಯಿಂದ ಗೀರಿ, ಮಸಿ ಸವರಿ ಒರೆಸಿದರೆ ಗೀರಿನಲ್ಲಿ ಕಪ್ಪು ನಿಲ್ಲುತ್ತಿತ್ತು. ಗೀರಿದ್ದನ್ನು ಅಳಿಸುವ ಹಾಗಿರಲಿಲ್ಲ. ಬೇಡದ ಅಕ್ಷರವನ್ನು ಅಡ್ಡಗೆರೆಯಿಂದ ಹೊಡೆದುಹಾಕುತ್ತಿದ್ದರು, ಬಿಟ್ಟುಹೋದ ಅಕ್ಷರ ಎಲ್ಲಿ ಸೇರಬೇಕೋ ಅಲ್ಲಿ ಹಂಸಪಾದ ಹಾಕಿ, ಅಂಚಿನಲ್ಲಿ ಅಥವಾ ಸಾಲಿನ ಮೇಲೆ ಅದನ್ನು ಬರೆಯುತ್ತಿದ್ದರು. ಹಕ್ಕಿಯ ಪಾದದಂತಿರುವ ಆ ಚಿಕ್ಕ ಗುರುತು ಇಂದಿಗೂ ಕನ್ನಡ ಶಾಲೆಯ ನೋಟ್‌ಬುಕ್ಕಿನಲ್ಲಿ ಅದೇ ಹೆಸರಿನಿಂದ ಬದುಕಿದೆ. ಶಾಲೆಯಲ್ಲಿ ಕಲಿಸುವ ಬರಹದ ಚಿಹ್ನೆಗಳಲ್ಲಿ ಪ್ರಶ್ನಾರ್ಥಕ, ಆಶ್ಚರ್ಯಸೂಚಕಗಳೆಲ್ಲ ಅಚ್ಚಿನೊಂದಿಗೆ ಹೊರಗಿನಿಂದ ಬಂದವು. ಹಂಸಪಾದ ಇಲ್ಲಿಯದು. ಪ್ರತಿ ಮಾಡಿದವರು ಗರಿಯ ಕೊನೆಯಲ್ಲಿ ಒಂದು ಬಿನ್ನಹ ಬರೆಯುವ ವಾಡಿಕೆಯೂ ಇತ್ತು: ಕಂಡ ಹಾಗೆ ಬರೆದಿದೆ, ಕುಂದುಕೊರತೆ ಇದ್ದರೆ ಬಲ್ಲವರು ತಿದ್ದಿಕೊಂಡು ಓದಬೇಕು. ಬೆನ್ನು ಬಾಗಿಸಿ, ಕಣ್ಣು ನೋಯಿಸಿಕೊಂಡು ಬರೆದವರ ಈ ಮಾತಿನಲ್ಲಿ ನಯವೂ ಇದೆ, ನಿಜವೂ ಇದೆ. ತಿದ್ದುವ ಹೊಣೆಯಲ್ಲಿ ಓದುಗನಿಗೂ ಅವರು ಪಾಲು ಕೊಟ್ಟರು.

ಕಿವಿಯೂ ತಿದ್ದುತ್ತಿತ್ತು. ಪುರಾಣ ಓದಿಸುವ ಮನೆಗಳಲ್ಲಿ ಒಬ್ಬರು ಓದಿದರೆ ಇನ್ನೊಬ್ಬರು ಅರ್ಥ ಹೇಳುತ್ತಾರೆ, ಮಿಕ್ಕವರು ಕೇಳುತ್ತಾರೆ. ವರ್ಷ ವರ್ಷ ಕೇಳಿದ್ದರಿಂದ ಓದು ಬಾರದ ಮುದುಕಿಗೂ ಪದ್ಯದ ನಡೆ ಗೊತ್ತಿರುತ್ತದೆ. ಓದುವವನು ಒಂದು ಅಕ್ಷರ ನುಂಗಿದರೆ ಲಯ ತಪ್ಪುತ್ತದೆ, ಕೂತವರು ತಲೆ ಎತ್ತುತ್ತಾರೆ. ಬರೆದದ್ದನ್ನು ಗಟ್ಟಿಯಾಗಿ ಓದಿ ನೋಡು ಎಂದು ಈಗಿನ ಶಿಕ್ಷಕರು ಹೇಳುವ ಮಾತಿಗೆ ಬೇರು ಇಲ್ಲಿದೆ. ಕಣ್ಣು ಹಾರಿ ಹೋಗುವಲ್ಲಿ ನಾಲಿಗೆ ಎಡವುತ್ತದೆ.

ಹತ್ತೊಂಬತ್ತನೆಯ ಶತಮಾನದವರೆಗೂ ಮಕ್ಕಳ ಕಲಿಕೆ ನಡೆದದ್ದು ಗಾಂವಠಿ ಶಾಲೆಗಳಲ್ಲಿ, ಮಠದ ಪಡಸಾಲೆಯಲ್ಲಿ, ಗುಡಿಯ ಕಟ್ಟೆಯಲ್ಲಿ. ಊರವರೇ ಕಾಳುಕಡಿ ಕೊಟ್ಟು ಅಯ್ಯನವರನ್ನು ಸಾಕುತ್ತಿದ್ದರು. ನೆಲದ ಮೇಲೆ ಹರವಿದ ಮರಳೇ ಮೊದಲ ಹಾಳೆ. ಗುರು ಮಗುವಿನ ಬೆರಳು ಹಿಡಿದು ಮರಳಿನ ಮೇಲೆ ಓಂ ಬರೆಸುತ್ತಿದ್ದರು. ಮರಳಿನ ಗುಣ ಕಲ್ಲಿಗೆ ತೀರ ವಿರುದ್ಧ. ಅಂಗೈ ಆಡಿಸಿದರೆ ತಪ್ಪು ಮಾಯ, ಸರಿಯೂ ಮಾಯ. ಮಗು ನೂರು ಸಲ ತಪ್ಪಿ ನೂರು ಸಲ ಬರೆಯಬಹುದು. ದಕ್ಷಿಣ ಭಾರತದ ಈ ಪದ್ಧತಿಯನ್ನು ಕಂಡ ಆಂಡ್ರ್ಯೂ ಬೆಲ್ ಎಂಬ ಪಾದ್ರಿ ಮದರಾಸಿನ ತನ್ನ ಶಾಲೆಯಲ್ಲಿ ಅದನ್ನು ಬಳಸಿದ. ದೊಡ್ಡ ಮಕ್ಕಳು ಚಿಕ್ಕವರಿಗೆ ಕಲಿಸಿ ತಿದ್ದುವ ಕ್ರಮದೊಂದಿಗೆ ಅದು ‘ಮದರಾಸು ಪದ್ಧತಿ’ ಎಂಬ ಹೆಸರಿನಲ್ಲಿ ಇಂಗ್ಲೆಂಡಿನ ಶಾಲೆಗಳಿಗೂ ಹೋಯಿತು. ಬರಿಗಾಲಿನ ಮಕ್ಕಳ ಮರಳಿನ ಹಾಳೆ ಹಾಗೆ ಸಮುದ್ರ ದಾಟಿತು.

ಮರಳಿನಿಂದ ಮುಂದಿನ ಮೆಟ್ಟಿಲು ಕಡತ. ಬಟ್ಟೆಗೆ ಹುಣಸೆ ಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಕಲಸಿ ಬಳಿದು ಒಣಗಿಸಿದರೆ ಕಪ್ಪು ಹಲಗೆಯಂತಾಗುತ್ತದೆ. ಅದನ್ನು ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಿಂದ ಬರೆಯುತ್ತಿದ್ದರು. ಒದ್ದೆ ಅರಿವೆಯಿಂದ ಒರೆಸಿ ಮತ್ತೆ ಬರೆಯಬಹುದು. ಅಂಗಡಿಯ ಲೆಕ್ಕ, ಊರಿನ ದಾಖಲೆ, ಹಾಡುಗಳ ಸಂಗ್ರಹ, ಮಕ್ಕಳ ಮಗ್ಗಿ ಎಲ್ಲಕ್ಕೂ ಕಡತವೇ. ಸರ್ಕಾರಿ ಕಚೇರಿಯಲ್ಲಿ ಫೈಲಿಗೆ ಕಡತ ಎನ್ನುವವರು ಈ ಕಪ್ಪು ಬಟ್ಟೆಯ ಹೆಸರನ್ನೇ ಹೇಳುತ್ತಿದ್ದಾರೆ. ತಿದ್ದುವ ದೃಷ್ಟಿಯಿಂದ ಕಡತದಲ್ಲಿ ಒಂದು ವಿಶೇಷ ಇತ್ತು. ಮರಳಿನ ಬರಹ ಗಾಳಿ ಬಂದರೆ ಹೋಗುತ್ತದೆ, ಕಡತದ ಬರಹ ಒರೆಸುವವರೆಗೆ ಉಳಿಯುತ್ತದೆ. ಬರೆದದ್ದನ್ನು ಮನೆಗೆ ಒಯ್ದು, ರಾತ್ರಿ ಕಳೆದು, ಬೆಳಿಗ್ಗೆ ಇನ್ನೊಮ್ಮೆ ನೋಡಿ ತಿದ್ದಲು ಸಾಧ್ಯವಾದದ್ದು ಇದರಿಂದ. ಒಂದು ರಾತ್ರಿಯ ಅಂತರ ಸಾಕು, ನಿನ್ನೆಯ ಬರಹ ಅರ್ಧ ಬೇರೆಯವರದಾಗುತ್ತದೆ.

ಆಮೇಲೆ ಬಂದದ್ದು ಕಲ್ಲಿನ ಪಾಟಿ. ಮೈಸೂರು ಕಡೆ ಸ್ಲೇಟು, ಈ ಕಡೆ ಪಾಟಿ. ಪಾಟಿಚೀಲ ಎಂದರೆ ಇವತ್ತಿಗೂ ಶಾಲೆಯ ಚೀಲ. ಪಾಟಿಯ ಕಾಲದಲ್ಲಿ ಬೆಳೆದ ಪಾಠ ಉಕ್ತಲೇಖನ. ಗುರುಗಳು ಪದ ಹೇಳುತ್ತಾರೆ, ಮಕ್ಕಳು ಬರೆಯುತ್ತಾರೆ. ಬರೆದಾದ ಮೇಲೆ ಪಾಟಿಗಳನ್ನು ಅದಲುಬದಲು ಮಾಡಿಕೊಳ್ಳುತ್ತಾರೆ. ತನ್ನದರಲ್ಲಿ ಕಾಣದ ಒತ್ತಕ್ಷರ ಪಕ್ಕದವನ ಪಾಟಿಯಲ್ಲಿ ಥಟ್ಟನೆ ಕಾಣುತ್ತದೆ. ಅವನಿಗೆ ಸೊನ್ನೆ ಹಾಕುವ ಉತ್ಸಾಹದಲ್ಲಿ ಸರಿಯಾದ ರೂಪ ಇವನ ತಲೆಯಲ್ಲಿ ಕೂರುತ್ತದೆ. ಕಾಡಿಗೆಯ ಹೋಲಿಕೆಗೆ ಶಾಲೆ ಕಂಡುಕೊಂಡ ಅತ್ಯಂತ ಸರಳ ಉತ್ತರ ಇದು.

ಈ ಸೀಮೆಯ ಆಡಳಿತದ ಭಾಷೆ ಹಲವು ಸಲ ಬದಲಾಯಿತು. ಬರೆಯುವ ಮಕ್ಕಳ ಕಷ್ಟ ಅರ್ಥವಾಗಬೇಕಾದರೆ ಅದನ್ನು ನೆನೆಯಬೇಕು. 1853ರ ಒಪ್ಪಂದದಲ್ಲಿ ರಾಯಚೂರು ದೋಆಬು ಬ್ರಿಟಿಷರಿಗೆ ಹೋಗಿ, 1860ರಲ್ಲಿ ನಿಜಾಮನಿಗೆ ಮರಳಿತು. ಲಿಂಗಸುಗೂರಿನಲ್ಲಿ ದಂಡಿನ ಛಾವಣಿ ಇತ್ತು. ಮುಂದೆ ಆ ಊರು ಜಿಲ್ಲಾ ಕೇಂದ್ರವೂ ಆಯಿತು, 1905ರಲ್ಲಿ ಆ ಜಿಲ್ಲೆಯನ್ನು ರದ್ದು ಮಾಡಿ ಅಕ್ಕಪಕ್ಕದ ಜಿಲ್ಲೆಗಳಿಗೆ ಹಂಚಿದರು. ಹೈದರಾಬಾದ್ ಸಂಸ್ಥಾನದಲ್ಲಿ 1884ರಲ್ಲಿ ಪಾರ್ಸಿಯ ಜಾಗಕ್ಕೆ ಉರ್ದು ಬಂತು. 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಉನ್ನತ ಶಿಕ್ಷಣವೂ ಉರ್ದುವಿನಲ್ಲೇ. ಮನೆಯಲ್ಲಿ ಕನ್ನಡ ಆಡುವ ಹುಡುಗ ಮೇಲಿನ ತರಗತಿಗೆ ಹೋದರೆ ಬಲದಿಂದ ಎಡಕ್ಕೆ ಬರೆಯಬೇಕಿತ್ತು. ಕನ್ನಡದಲ್ಲಿ ನಾಲ್ಕು ಸಾಲು ತಪ್ಪಿಲ್ಲದೆ ಬರೆಯಲು ಬಾರದ ಒಂದು ವಿದ್ಯಾವಂತ ತಲೆಮಾರೇ ಬೆಳೆಯಿತು. ಅದು ಅವರ ತಪ್ಪಲ್ಲ.

ಉರ್ದು ಓದಿನಿಂದ ಬಂದ ಒಳ್ಳೆಯದನ್ನೂ ಹೇಳಬೇಕು. ಆ ಶಾಲೆಗಳಲ್ಲಿ ಮರದ ತಖ್ತಿಗೆ ಜೇಡಿ ಬಳಿದು, ಲೆಕ್ಕಣಿಕೆಯಿಂದ ಅಕ್ಷರ ತಿದ್ದುತ್ತಿದ್ದರು. ತೊಳೆದು ಮತ್ತೆ ಬಳಿದರೆ ಹೊಸ ಹಾಳೆ. ಅದಕ್ಕಿಂತ ಮುಖ್ಯವಾದದ್ದು ‘ಇಸ್ಲಾಹ್’ ಎಂಬ ಪದ್ಧತಿ. ಶಿಷ್ಯ ಬರೆದ ಕವಿತೆಯನ್ನು ಉಸ್ತಾದರು ನೋಡಿ, ಒಂದು ಪದ ತೆಗೆದು ಇನ್ನೊಂದು ಇಟ್ಟು ಮರಳಿಸುತ್ತಾರೆ. ಯಾಕೆ ತೆಗೆದರು ಎಂದು ಶಿಷ್ಯ ತಾನೇ ಯೋಚಿಸಿ ತಿಳಿಯಬೇಕು. ತಿದ್ದುವುದು ಅಲ್ಲಿ ಶಿಕ್ಷೆಯಲ್ಲ, ಗುರು ಕೊಡುವ ಕಾಣಿಕೆ. ರಾಯಚೂರು ಜಿಲ್ಲೆಯ ಹೆಂಬೆರಾಳಿನ ಶಾಂತರಸರಂಥವರು ಉರ್ದುವಿನ ಗಜಲನ್ನು ಕನ್ನಡಕ್ಕೆ ತಂದಾಗ, ಪದ ಪದವನ್ನೂ ತೂಗಿ ನೋಡುವ ಆ ಶಿಸ್ತೂ ಜೊತೆಗೆ ಬಂತು. ‘ಕಚ್ಚಾ’ ಮತ್ತು ‘ಪಕ್ಕಾ’ ಎಂಬ ಮಾತುಗಳು ಈ ಭಾಗದ ಶಾಲೆಯಲ್ಲಿ ಕನ್ನಡವೇ ಆಗಿವೆ. ಮೊದಲು ಕಚ್ಚಾ ಬರೆದುಕೋ, ಆಮೇಲೆ ಪಕ್ಕಾ ಮಾಡು ಎಂದರೆ ಯಾರಿಗೂ ಬಿಡಿಸಿ ಹೇಳಬೇಕಿಲ್ಲ.

ಕನ್ನಡದಲ್ಲಿ ಕಲಿಸುವ ಹಂಬಲವೂ ಅದೇ ಕಾಲದಲ್ಲಿ ಗಟ್ಟಿಯಾಯಿತು. ಪಂಡಿತ ತಾರಾನಾಥರು ರಾಯಚೂರಿನಲ್ಲಿ ಹಮ್ದರ್ದ್ ಶಾಲೆಯನ್ನು ಕಟ್ಟಿದರು. 1934ರಲ್ಲಿ ರಾಯಚೂರಿನಲ್ಲೇ ಕನ್ನಡ ಸಾಹಿತ್ಯ ಸಮ್ಮೇಳನ ನಡೆಯಿತು, ಅಧ್ಯಕ್ಷರು ಪಂಜೆ ಮಂಗೇಶರಾಯರು. ಮಕ್ಕಳ ಪಾಠ, ಮಕ್ಕಳ ಹಾಡುಗಳಿಗೆ ಜೀವ ತೇಯ್ದ ಶಾಲಾ ಮೇಷ್ಟರೊಬ್ಬರು ಉರ್ದು ಆಡಳಿತದ ಊರಿಗೆ ಕನ್ನಡದ ಅಧ್ಯಕ್ಷರಾಗಿ ಬಂದದ್ದು ಸಣ್ಣ ಸಂಗತಿಯಲ್ಲ. 1948ರಲ್ಲಿ ಸಂಸ್ಥಾನ ಭಾರತದೊಳಗೆ ಸೇರಿತು. 1956ರ ನವೆಂಬರ್ 1ರಂದು ರಾಯಚೂರು ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂತು. ಆಗಿನಿಂದ ಸಿಂಧನೂರಿನ ಹುಡುಗನೂ ಮೈಸೂರಿನ ಹುಡುಗನೂ ಒಂದೇ ಪರೀಕ್ಷೆಗೆ ಒಂದೇ ಬಗೆಯ ಪ್ರಬಂಧ ಬರೆಯಬೇಕಾಯಿತು.

ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ. ಪ್ರಬಂಧದ ಈ ಮೂರು ಅಂಗಗಳನ್ನು ಹೇಳಲಾರದ ಕನ್ನಡ ವಿದ್ಯಾರ್ಥಿ ಇಲ್ಲ. ಬರೆದ ಮೇಲೆ ಮೂರೂ ಇವೆಯೇ ಎಂದು ನೋಡಿಕೊಳ್ಳುವುದು ಮೌಲ್ಯಮಾಪನದ ಮೊದಲ ಹೆಜ್ಜೆಯಾಯಿತು. ಆದರೆ ಈ ಸೀಮೆಯ ಮಕ್ಕಳಿಗೆ ನಿಜವಾದ ತೊಡಕು ಅಂಗಗಳದ್ದಲ್ಲ, ಆಡುಮಾತಿನದು. ಇಲ್ಲಿ ‘ಮನೆ’ ‘ಮನಿ’ ಆಗುತ್ತದೆ, ‘ಶಾಲೆ’ ‘ಶಾಲಿ’ ಆಗುತ್ತದೆ. ‘ಹೋಗಿದ್ದಾನೆ’ ಎನ್ನುವಲ್ಲಿ ‘ಹೋಗ್ಯಾನ’. ಮಹಾಪ್ರಾಣ ನಾಲಿಗೆಯ ಮೇಲೆ ನಿಲ್ಲುವುದಿಲ್ಲ. ಪಠ್ಯಪುಸ್ತಕದ ಕನ್ನಡ ಬೇರೆ, ಅವ್ವನ ಕನ್ನಡ ಬೇರೆ. ಹುಡುಗ ಬರೆಯುವಾಗ ಎರಡೂ ಒಂದೇ ಸಾಲಿನಲ್ಲಿ ಬಂದು ಕೂಡುತ್ತವೆ.

ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡಬಹುದು. ಸಿಂಧನೂರು ತಾಲ್ಲೂಕಿನ ಅಂಬಾಮಠದಲ್ಲಿ ಬನದ ಹುಣ್ಣಿಮೆಗೆ ದೇವಿಯ ಜಾತ್ರೆ ಆಗುತ್ತದೆ. ಎಂಟನೇ ತರಗತಿಯ ವಿದ್ಯಾರ್ಥಿಯೊಬ್ಬ ‘ನಾನು ಕಂಡ ಜಾತ್ರೆ’ ಎಂಬ ವಿಷಯಕ್ಕೆ ಹೀಗೆ ಬರೆದ ಎಂದುಕೊಳ್ಳಬಹುದು: ‘ಬನದ ಹುಣ್ಣಿಮಿಗೆ ಅಂಬಾಮಠದ ಜಾತ್ರಿ ಬರುತ್ತದೆ. ನಾನು, ಅವ್ವ ಮತ್ತು ತಂಗಿ ಟ್ರ್ಯಾಕ್ಟರನಲ್ಲಿ ಹೋದೆನು. ಅಲ್ಲಿ ಜನ ಬಹಳ ಇದ್ದವು. ದೇವಿಗೆ ಕಾಯಿ ಒಡೆಸಿದೆವು. ಬೆಂಡು ಬತ್ತಾಸು ತಗೊಂಡು ಮನಿಗೆ ಬಂದೆವು. ಜಾತ್ರಿ ಎಂದರೆ ನನಗೆ ಇಷ್ಟ.’

ತಿದ್ದಲು ಕೂತ ಹುಡುಗ ಮೊದಲು ಮಾಡುವುದು ಅಕ್ಷರ ಹುಡುಕುವ ಕೆಲಸ. ಹುಣ್ಣಿಮಿ, ಜಾತ್ರಿ, ಮನಿ ಎಂಬ ಮೂರಕ್ಕೆ ಎತ್ವ ಕೊಟ್ಟರೆ ಮುಗಿಯಿತು ಎಂದುಕೊಳ್ಳುತ್ತಾನೆ. ಆದರೆ ಹೆಚ್ಚು ಕೆಡಿಸಿದ ತಪ್ಪು ಬೇರೆ ಕಡೆ ಇದೆ. ಹೋದವರು ಮೂವರು, ಕ್ರಿಯಾಪದ ಒಬ್ಬನದು: ‘ಹೋದೆವು’ ಎಂದಾಗಬೇಕು. ‘ಜನ’ ಬಹುವಚನದ ಮನುಷ್ಯವಾಚಕ, ‘ಇದ್ದವು’ ಎಂದರೆ ದನಗಳಾದಾವು, ‘ಇದ್ದರು’ ಬೇಕು. ‘ಟ್ರ್ಯಾಕ್ಟರನಲ್ಲಿ’ ಎಂಬಲ್ಲಿ ವಿಭಕ್ತಿಯ ನಡುವಿನ ‘ಇನ್’ ಜಾರಿದೆ, ‘ಟ್ರ್ಯಾಕ್ಟರಿನಲ್ಲಿ’ ಸರಿ. ಇಷ್ಟಾದ ಮೇಲೂ ಪ್ರಬಂಧ ಬಡವಾಗಿಯೇ ಉಳಿದಿದೆ, ಯಾಕೆಂದರೆ ಶೀರ್ಷಿಕೆ ‘ನಾನು ಕಂಡ’ ಎನ್ನುತ್ತದೆ, ಒಳಗೆ ಕಂಡದ್ದು ಏನೂ ಇಲ್ಲ. ಟ್ರ್ಯಾಕ್ಟರಿನಲ್ಲಿ ಎಷ್ಟು ಜನ ಕೂತಿದ್ದರು, ಭತ್ತದ ಗದ್ದೆಯ ನಡುವಿನ ದಾರಿಯಲ್ಲಿ ಚಳಿ ಎಷ್ಟಿತ್ತು, ತಂಗಿ ಯಾವ ಆಟಿಕೆಗೆ ಹಟ ಮಾಡಿದಳು ಎಂಬ ಒಂದು ಸಾಲು ಸೇರಿದರೆ ಅದು ಅವನ ಜಾತ್ರೆ ಆಗುತ್ತದೆ. ಒಳ್ಳೆಯ ಶಿಕ್ಷಕರು ಈ ಅನುಕ್ರಮವನ್ನು ತಿರುವುಹಾಕಿ ಕಲಿಸುತ್ತಾರೆ. ಮೊದಲ ಓದು ವಿಷಯಕ್ಕೆ, ಕೇಳಿದ್ದಕ್ಕೆ ಉತ್ತರ ಇದೆಯೇ ಎಂಬುದಕ್ಕೆ. ಎರಡನೆಯ ಓದು ವಾಕ್ಯಕ್ಕೆ, ಕರ್ತೃವಿಗೂ ಕ್ರಿಯಾಪದಕ್ಕೂ ಹೊಂದಿಕೆ ಇದೆಯೇ ಎಂಬುದಕ್ಕೆ. ಅಕ್ಷರದ ಓದು ಕೊನೆಗೆ. ಅದನ್ನು ಕೊನೆಯ ಸಾಲಿನಿಂದ ಮೇಲಕ್ಕೆ, ಪದ ಪದವಾಗಿ ಮಾಡಿದರೆ ಅರ್ಥದ ಸೆಳೆತ ತಪ್ಪಿ, ಬಿಟ್ಟುಹೋದ ಒತ್ತು, ದೀರ್ಘ, ಅರ್ಕಾವೊತ್ತು ಕಣ್ಣಿಗೆ ಬೀಳುತ್ತವೆ. ಬೇಡದ ಪೀಠಿಕೆಯನ್ನು ಹೊಡೆದುಹಾಕುವ ಧೈರ್ಯವೂ ಮೊದಲ ಓದಿನಲ್ಲೇ ಬರಬೇಕು. ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರದ ಶರಣೆ ಆಯ್ದಕ್ಕಿ ಲಕ್ಕಮ್ಮ, ಗಂಡ ಮಾರಯ್ಯ ಅಗತ್ಯಕ್ಕಿಂತ ಹೆಚ್ಚು ಆಯ್ದು ತಂದ ಅಕ್ಕಿಯನ್ನು ಮರಳಿ ಸುರಿದು ಬರಲು ಕಳಿಸಿದ ಕಥೆಯನ್ನು ಈ ಭಾಗದ ಮಕ್ಕಳೆಲ್ಲ ಕೇಳಿದ್ದಾರೆ. ಪ್ರಬಂಧ ತಿದ್ದುವುದನ್ನು ಕಲಿಸಲು ಅದಕ್ಕಿಂತ ಹತ್ತಿರದ ಕಥೆ ಇಲ್ಲ.

ಇಲ್ಲಿ ಒಂದು ಮಾತು ಸ್ಪಷ್ಟವಾಗಬೇಕು. ‘ಮನಿ’ ಎಂಬುದು ತಪ್ಪು ಕನ್ನಡವಲ್ಲ. ಅದು ಈ ನೆಲದ ಕನ್ನಡ. ಕತೆಯಲ್ಲಿ, ಸಂಭಾಷಣೆಯಲ್ಲಿ, ಹಾಡಿನಲ್ಲಿ ಅದಕ್ಕೆ ಪೂರ್ತಿ ಹಕ್ಕಿದೆ. ಪರೀಕ್ಷೆಯ ಪ್ರಬಂಧಕ್ಕೆ ರಾಜ್ಯವೆಲ್ಲ ಒಪ್ಪಿದ ಬರಹದ ರೂಪ ಬೇಕು ಎಂಬುದಷ್ಟೇ ಕಾರಣ. ಕೆಂಪು ಶಾಯಿಯಿಂದ ‘ಮನಿ’ಯನ್ನು ಸುತ್ತುವಾಗ ಇದನ್ನು ಹೇಳದೆ ಬಿಟ್ಟರೆ, ಅವ್ವನ ಮಾತೇ ತಪ್ಪು ಎಂದು ಮಗು ತಿಳಿಯುತ್ತದೆ. ದಶಕಗಳ ಕಾಲ ಈ ಭಾಗದ ಎಷ್ಟೋ ಮಕ್ಕಳು ಹಾಗೆಯೇ ತಿಳಿದು, ಬರೆಯುವುದಕ್ಕೇ ಅಂಜಿದರು.

ಸಿಂಧನೂರಿನ ತರಗತಿಯಲ್ಲಿ ಅವ್ವನ ಮಾತು ಒಂದೇ ಅಲ್ಲ. 1953ರಲ್ಲಿ ತುಂಗಭದ್ರಾ ಜಲಾಶಯಕ್ಕೆ ನೀರು ನಿಂತು, ಎಡದಂಡೆ ಕಾಲುವೆ ಹರಿದು ಬಂದ ಮೇಲೆ ಜೋಳದ ಹೊಲಗಳು ಭತ್ತದ ಗದ್ದೆಗಳಾದವು. ಆಂಧ್ರದಿಂದ ಬಂದ ರೈತರು ಕಾಲುವೆಯ ಉದ್ದಕ್ಕೂ ಕ್ಯಾಂಪುಗಳನ್ನು ಕಟ್ಟಿದರು. ಪೂರ್ವ ಬಂಗಾಳದಿಂದ ನಿರಾಶ್ರಿತರಾಗಿ ಬಂದವರಿಗೆ ಸರ್ಕಾರ ಇದೇ ತಾಲ್ಲೂಕಿನಲ್ಲಿ ಪುನರ್ವಸತಿ ಕ್ಯಾಂಪುಗಳನ್ನು ಮಾಡಿಕೊಟ್ಟಿತು. ತಾಂಡಾಗಳಿಂದ ಬರುವ ಲಂಬಾಣಿ ಮಕ್ಕಳು, ಉರ್ದು ಮನೆಮಾತಿನ ಮಕ್ಕಳು ಮೊದಲಿಂದಲೂ ಇದ್ದಾರೆ. ಬಂಗಾಳಿಯಲ್ಲಿ ‘ವ’ ಮತ್ತು ‘ಬ’ ಬೇರೆ ಬೇರೆ ದನಿಗಳಲ್ಲ. ಆ ಮನೆಯ ಮಗು ಕನ್ನಡದಲ್ಲಿ ಅವನ್ನು ಅದಲುಬದಲು ಮಾಡಿದರೆ ಅಚ್ಚರಿಯಿಲ್ಲ. ತೆಲುಗು ಮನೆಯ ಮಗುವಿಗೆ ಲಿಪಿ ಅರ್ಧ ಪರಿಚಿತ, ಅದೇ ಮೋಸ. ತಲಕಟ್ಟಿನ ಆಕಾರ ಎರಡು ಲಿಪಿಗಳಲ್ಲಿ ಬೇರೆ, ಕೈ ಗೊತ್ತಿದ್ದ ಕಡೆಗೇ ತಿರುಗುತ್ತದೆ. ಹಾಗಾಗಿ ಎಲ್ಲರಿಗೂ ಒಂದೇ ತಪ್ಪಿನ ಪಟ್ಟಿ ಇಲ್ಲಿ ನಡೆಯುವುದಿಲ್ಲ. ಪ್ರತಿ ಮಗುವೂ ತನ್ನ ಹಳೆಯ ನೋಟ್‌ಬುಕ್ ತಿರುವಿ, ತಾನು ಮತ್ತೆ ಮತ್ತೆ ಎಡವಿದ ಐದಾರು ಪದಗಳನ್ನು ಕೊನೆಯ ಪುಟದಲ್ಲಿ ಬರೆದಿಟ್ಟುಕೊಳ್ಳುವ ರೂಢಿ ಇಂಥ ತರಗತಿಗೆ ಹೆಚ್ಚು ಹೊಂದುತ್ತದೆ. ಉಚ್ಚಾರಕ್ಕೆ ಸಿಗದ ವ್ಯತ್ಯಾಸವನ್ನು ಕೈಗೆ ಕಲಿಸುವ ದಾರಿ ಅದು.

ಇತ್ತೀಚಿನ ದಶಕಗಳಲ್ಲಿ ತನ್ನನ್ನು ತಾನೇ ಅಳೆದುಕೊಳ್ಳುವುದು ಶಿಕ್ಷಣ ಇಲಾಖೆಯ ಕ್ರಮದೊಳಗೂ ಬಂತು. ಹೆಗ್ಗಡದೇವನಕೋಟೆಯಲ್ಲಿ 1995ರಲ್ಲಿ ಶುರುವಾದ 'ನಲಿ ಕಲಿ' ಆಮೇಲೆ ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಹರಡಿತು. ಮಗು ಕಲಿಕೆಯ ಏಣಿಯಲ್ಲಿ ತಾನು ಯಾವ ಮೆಟ್ಟಿಲಲ್ಲಿದ್ದೇನೆ ಎಂದು ತಾನೇ ನೋಡಿಕೊಂಡು ಮುಂದಿನ ಕಾರ್ಡು ಎತ್ತಿಕೊಳ್ಳುತ್ತದೆ. ಮುಂದೆ ರೂಪಣಾತ್ಮಕ, ಸಂಕಲನಾತ್ಮಕ ಎಂಬ ಎರಡು ಬಗೆಯ ಮೌಲ್ಯಮಾಪನ ಬಂದು, ವರ್ಷದ ಕೊನೆಯ ಒಂದೇ ಪರೀಕ್ಷೆಯ ಭಾರ ಸ್ವಲ್ಪ ಹಗುರಾಯಿತು. ಫೋನಿನಲ್ಲಿ ಟೈಪ್ ಮಾಡುವ ಮಕ್ಕಳಿಗೆ ಪದ ಸೂಚಿಸುವ ಕೀಲಿಮಣೆಯೂ ಇದೆ. ಆದರೆ ಅದು ‘ಹೋದೆನು’ ಎಂಬುದನ್ನು ಹಿಡಿಯಲಾರದು. ಪದ ಸರಿಯಾಗಿಯೇ ಇದೆ, ತಪ್ಪಿರುವುದು ವಾಕ್ಯದಲ್ಲಿ.

ಹತ್ತನೇ ತರಗತಿಯ ಪ್ರಥಮ ಭಾಷೆಯ ಪರೀಕ್ಷೆಯಲ್ಲಿ ಪ್ರಶ್ನೆಪತ್ರಿಕೆ ಓದಿಕೊಳ್ಳಲೆಂದೇ 15 ನಿಮಿಷ ಕೊಡುತ್ತಾರೆ. ಬರೆದದ್ದನ್ನು ಓದಿಕೊಳ್ಳಲು ಹಾಗೆ ಬೇರೆ ಸಮಯವಿಲ್ಲ, ಅದನ್ನು ವಿದ್ಯಾರ್ಥಿಯೇ ಉಳಿಸಿಕೊಳ್ಳಬೇಕು. ಪ್ರಬಂಧ ಸಾಮಾನ್ಯವಾಗಿ ಪತ್ರಿಕೆಯ ಕೊನೆಯ ಕಡೆ ಇರುವುದರಿಂದ, ಗಂಟೆ ಹೊಡೆಯುವ ಹೊತ್ತಿಗೆ ಉಪಸಂಹಾರ ಬರೆಯುತ್ತಿರುವವರೇ ಹೆಚ್ಚು. ಕಚ್ಚಾದಿಂದ ಪಕ್ಕಾಕ್ಕೆ ಹೋಗುವ ಸಮಯ ಅಲ್ಲಿಲ್ಲ. ಕಲ್ಲಿನ ಲಿಪಿಕಾರನ ಹಾಗೆ ಒಂದೇ ಸಲಕ್ಕೆ ಬರೆದು, ಬಿಟ್ಟುಹೋದಲ್ಲಿ ಹಂಸಪಾದ ಹಾಕಿ, ಮೇಲೆ ಅಕ್ಷರ ಸೇರಿಸಿ ಕೊಡಬೇಕು.

ಉತ್ತರ ಪತ್ರಿಕೆ ಹಿಂದೆಲ್ಲ ಕೊಟ್ಟವರ ಕೈಗೆ ಮತ್ತೆ ಬರುತ್ತಿರಲಿಲ್ಲ. ಈಗ ಶುಲ್ಕ ಕಟ್ಟಿ ಅರ್ಜಿ ಹಾಕಿದರೆ ಅದರ ಪ್ರತಿ ಸಿಗುತ್ತದೆ, ಮರುಮೌಲ್ಯಮಾಪನಕ್ಕೂ ಕೇಳಬಹುದು. ಅಂಕ ಎಣಿಸಲೆಂದೇ ತರಿಸಿಕೊಂಡ ಆ ಪ್ರತಿಯಲ್ಲಿ ಪ್ರಬಂಧದ ಪುಟ ತೆರೆದುಕೊಳ್ಳುತ್ತದೆ. ಬರೆದು ವಾರಗಳೇ ಕಳೆದಿವೆ. ಅಕ್ಷರ ತನ್ನದೇ, ಆದರೆ ಯಾವ ಪದ ಯಾಕೆ ಬರೆದೆ ಎಂಬುದು ಮರೆತಿದೆ. ಅಂಚಿನಲ್ಲಿ ಮುಖ ಕಾಣದ ಮೌಲ್ಯಮಾಪಕರ ಗೆರೆ ಇದೆ. ಮೂರನೆಯ ಸಾಲಿನಲ್ಲಿ ‘ಬಾರತ’ ಇದೆ, ಆರನೆಯದರಲ್ಲಿ ‘ಜನ ಇದ್ದವು’. ಅಂದು ಕಾಣದೆ ಹೋದದ್ದು ಇಂದು ಒಂದೇ ನೋಟಕ್ಕೆ ಕಾಣುತ್ತದೆ.